ಹಾರದಿದ್ದ ದಿನಕ್ಕೂ ಅಂಕ ಬೇಕು

ನಮ್ಮ ಬೋಧನಾಭ್ಯಾಸದ ವೀಕ್ಷಣಾ ನಮೂನೆಯಲ್ಲಿ 'ಬೋಧನೋಪಕರಣಗಳ ಬಳಕೆ' ಎಂಬ ಒಂದು ಸಾಲು ಇದೆ. ಆ ಒಂದು ಸಾಲಿಗಾಗಿ ನಾವು ಪ್ರಶಿಕ್ಷಣಾರ್ಥಿಗಳು ಪಡುವ ಪಾಡು ಎಲ್ಲರಿಗೂ ಗೊತ್ತಿದೆ. ಪಾಠದ ಹಿಂದಿನ ರಾತ್ರಿ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಥರ್ಮೊಕೋಲು, ಬಣ್ಣದ ಕಾಗದ. ಈಗ ಕೆಲವು ಊರುಗಳ ಸ್ಟೇಷನರಿ ಅಂಗಡಿಯಲ್ಲಿ ಹೃದಯ, ಕಣ್ಣು, ಸೌರವ್ಯೂಹ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಪಾಠ ಮುಗಿಯುತ್ತದೆ, ವೀಕ್ಷಕರು ಸಹಿ ಮಾಡುತ್ತಾರೆ, ಉಪಕರಣ ಕಪಾಟಿನ ಮೇಲೆ ಏರುತ್ತದೆ. ಮಕ್ಕಳು ಅದನ್ನು ಮುಟ್ಟಿರುವುದಿಲ್ಲ. ಮುಖ್ಯವಾಗಿ, ಅದು ತಪ್ಪಾಗಿದೆಯೋ ಸರಿಯಾಗಿದೆಯೋ ಎಂದು ಪರೀಕ್ಷಿಸುವ ದಾರಿಯೇ ಅವರಿಗಿರುವುದಿಲ್ಲ. ಥರ್ಮೊಕೋಲಿನ ಹೃದಯ ಬಡಿಯಬೇಕಾಗಿಲ್ಲ.

ಇದಕ್ಕೆ ಎದುರಾಗಿ ಒಂದು ಸಲಹೆಯನ್ನು ನಮ್ಮ ಅಧ್ಯಾಪಕರ ಮತ್ತು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್ ಅವಧಿಯಲ್ಲಿ ಕನಿಷ್ಠ ಒಂದು ಉಪಕರಣವನ್ನು ಮಕ್ಕಳ ಕೈಯಲ್ಲೇ, ಕಿಟ್ ತರದೆ, ಮೊದಲಿನಿಂದ ಕಟ್ಟಿಸಬೇಕು. ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ಮಕ್ಕಳ ಕಣ್ಣಿಗೇ ಕಾಣುವಂತಿರಬೇಕು. ಕೆಲಸ ಮಾಡದ ದಿನದ ಪಾಠಕ್ಕೂ ನಮ್ಮ ನಮೂನೆಯಲ್ಲಿ ಅಂಕವಿರಬೇಕು. ನನ್ನ ಉದಾಹರಣೆ ದೊಡ್ಡ ಗ್ಲೈಡರ್: ಎಂಜಿನ್ ಇಲ್ಲದೆ ಗಾಳಿಯಲ್ಲಿ ಜಾರುತ್ತ ಇಳಿಯುವ ವಿಮಾನದ ಮಾದರಿ. ಯಲಬುರ್ಗಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ತುದಿಯಿಂದ ತುದಿಗೆ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ ರೆಕ್ಕೆಯ ಗ್ಲೈಡರ್ ಒಂದನ್ನು ಕಟ್ಟಿದರು.

ಕಾಗದದ ವಿಮಾನ ಸಾಲದೇ ಎಂದು ಕೇಳಬಹುದು. ಕಾಗದದ ವಿಮಾನ ಚೆನ್ನಾಗಿಯೇ ಇದೆ, ಆದರೆ ಅದು ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಎರಡು ಸೆಕೆಂಡಿನಲ್ಲಿ ಕೆಳಗಿಳಿಯುತ್ತದೆ. ಯಾಕೆ ಹೋಯಿತು, ಯಾಕೆ ಮಗುಚಿತು ಎಂದು ಅಳೆಯಲು ಏನೂ ಇರುವುದಿಲ್ಲ. ದೊಡ್ಡದನ್ನು ಕಟ್ಟುವಾಗ ಎಲ್ಲವೂ ಗ್ರಾಮು, ಸೆಂಟಿಮೀಟರುಗಳಲ್ಲಿ ಕೈಗೆ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಚಿಕ್ಕದನ್ನು ಹಾಗೇ ದೊಡ್ಡದು ಮಾಡಿದರೆ ಅದು ಕೆಲಸ ಮಾಡುವುದಿಲ್ಲ. ಇಡೀ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಈ ಭಾಗ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಕ್ಕಳು ಮೊದಲು ಥರ್ಮೊಕೋಲಿನಲ್ಲಿ 60 ಸೆಂಟಿಮೀಟರ್ ರೆಕ್ಕೆಯ ಪುಟ್ಟ ಗ್ಲೈಡರ್ ಮಾಡಿದರು. ತೂಕ 40 ಗ್ರಾಂ. ಚೆನ್ನಾಗಿ ಹೋಯಿತು. "ಹಂಗಾರ ಇದನ್ನ ನಾಕ್ ಪಟ್ ದೊಡ್ಡದು ಮಾಡೂಣ್ರಿ ಟೀಚರ್, ಮುಗೀತು" ಎಂದ ಒಬ್ಬ. ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. ಉದ್ದ ನಾಲ್ಕು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ 16 ಪಟ್ಟು. ಆದರೆ ದಪ್ಪವೂ ನಾಲ್ಕು ಪಟ್ಟಾಗುವುದರಿಂದ ತೂಕ 64 ಪಟ್ಟು, ಅಂದರೆ 2 ಕಿಲೋ 560 ಗ್ರಾಂ. ರೆಕ್ಕೆಯ ಪ್ರತಿ ಚದರ ಸೆಂಟಿಮೀಟರ್ ಮೊದಲಿಗಿಂತ ನಾಲ್ಕು ಪಟ್ಟು ಭಾರ ಹೊರಬೇಕು. ರೆಕ್ಕೆಯ ಮೇಲೆತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ನಾಲ್ಕು ಪಟ್ಟು ಭಾರ ಹೊರಲು ವೇಗ ಎರಡು ಪಟ್ಟಾಗಬೇಕು. ಪುಟ್ಟ ಗ್ಲೈಡರಿಗೆ ಅಂದಾಜು ಸೆಕೆಂಡಿಗೆ 4.4 ಮೀಟರ್ ವೇಗ ಸಾಕಿದ್ದರೆ, ದೊಡ್ಡದಕ್ಕೆ ಹತ್ತಿರ ಹತ್ತಿರ 8.7 ಮೀಟರ್ ಬೇಕು.

ಈ ಸಂಖ್ಯೆಯನ್ನು ಏನು ಮಾಡುವುದು? ದೈಹಿಕ ಶಿಕ್ಷಕರ ಹತ್ತಿರ ಕ್ರೀಡಾಕೂಟದ ದಾಖಲೆ ಇತ್ತು. ತರಗತಿಯ ಅತಿ ವೇಗದ ಓಟಗಾರ್ತಿ 100 ಮೀಟರನ್ನು 16 ಸೆಕೆಂಡಿನಲ್ಲಿ ಓಡಿದ್ದಳು. 100 ಭಾಗಿಸು 16, ಸೆಕೆಂಡಿಗೆ 6.25 ಮೀಟರ್. ಅವಳು ಎಷ್ಟೇ ಓಡಿದರೂ ಆ 2560 ಗ್ರಾಮಿನ ಗ್ಲೈಡರ್ ಅವಳ ಕೈ ಬಿಟ್ಟು ಏಳುವುದಿಲ್ಲ. ಒಂಬತ್ತನೆಯ ತರಗತಿಯ 'ಚಲನೆ' ಅಧ್ಯಾಯದ ಜವದ ಸೂತ್ರ ಹೀಗೆ ಒಬ್ಬ ಹುಡುಗಿಯ ಕಾಲಿಗೆ ಬಂದು ನಿಂತಿತು. ಓಟಗಾರ್ತಿಗೆ ಎಟುಕುವ ವೇಗ ಬೇಕಾದರೆ ತೂಕ ಎಷ್ಟಿರಬೇಕು ಎಂದು ಹಿಂದುಮುಂದಾಗಿ ಲೆಕ್ಕ ಹಾಕಿದಾಗ, 0.6 ಚದರ ಮೀಟರ್ ರೆಕ್ಕೆಗೆ 1200 ಗ್ರಾಂ ಒಳಗಿದ್ದರೆ ಸೆಕೆಂಡಿಗೆ ಸುಮಾರು 6 ಮೀಟರ್ ಸಾಕು ಎಂದು ಬಂತು. ಎಂಟು ಅಡಿ ರೆಕ್ಕೆ ಹಿಡಿದು ಅಷ್ಟು ಜೋರಾಗಿ ಓಡಲಾಗುವುದಿಲ್ಲ, ಆದರೆ ಎದುರುಗಾಳಿ ಉಳಿದದ್ದನ್ನು ಕೊಡುತ್ತದೆ. ಹಾಗಾಗಿ ಗಟ್ಟಿ ಥರ್ಮೊಕೋಲು ಬಿಟ್ಟು ಒಳಗೆ ಟೊಳ್ಳಾದ ರೆಕ್ಕೆ ಕಟ್ಟಬೇಕು ಎಂಬ ತೀರ್ಮಾನ ಮಕ್ಕಳದ್ದಾಯಿತು. ನಾನು ಹೇಳಿಕೊಟ್ಟಿದ್ದರೆ ಅದು ಒಂದು ಟಿಪ್ಪಣಿಯಾಗುತ್ತಿತ್ತು, ಅಷ್ಟೆ.

ಸಾಮಗ್ರಿಯ ಮಾತು ಬಂದಾಗ ನಮ್ಮ ಜಿಲ್ಲೆ ಬಡವಲ್ಲ. ಪುಸ್ತಕಗಳಲ್ಲಿ ಮಾದರಿ ವಿಮಾನ ಎಂದರೆ ಬಾಲ್ಸಾ ಮರ; ಅದು ದಕ್ಷಿಣ ಅಮೆರಿಕದಿಂದ ಬರುವಂಥದ್ದು, ನಮ್ಮ ಸಂತೆಯಲ್ಲಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಗಂಗಾವತಿಯ ಬಿದಿರು ಸಿಗುತ್ತದೆ. ಮೇದಾರರ ಕೈಯಲ್ಲಿ ಸೀಳಿಸಿದ ದಬ್ಬೆ ತೂಕಕ್ಕೆ ಹಗುರ, ಬಾಗಿದರೂ ಮುರಿಯುವುದಿಲ್ಲ. ಬುಟ್ಟಿ ಹೆಣೆಯುವವರು ದಬ್ಬೆಯ ಹೊರಮೈಯನ್ನು ಯಾವ ಕಡೆ ಇಡುತ್ತಾರೆ ಎಂಬುದನ್ನು ನೋಡಿ ಬಂದ ಮಕ್ಕಳು, ಎಳೆತ ತಾಳುವ ಆ ಹೊರಮೈಯನ್ನು ರೆಕ್ಕೆಯ ಅಡಿಗೆ ಬರುವಂತೆ ಇಟ್ಟರು. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಎಳೆತ ಬೀಳುವುದು ಅಡಿಮೈಗೇ. ಅಡ್ಡಲಾಗಿ, ಪಕ್ಕೆಲುಬಿನ ಹಾಗೆ, ರಟ್ಟಿನ ತುಂಡುಗಳು. ಮೇಲೆ ನೋಟ್‌ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರ್.

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಗಳನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲೆ ಅದು. ಆದರೆ ಅದನ್ನು ನಾವು ಚಿತ್ರಕಲೆಯ ಅವಧಿಗೆ ಮಾತ್ರ ಬಿಟ್ಟುಕೊಟ್ಟಿದ್ದೇವೆ ಎನ್ನುವುದು ನನ್ನ ದೂರು. ಹಗುರ ಮರವನ್ನು ಆರಿಸುವುದು, ತುಂಡು ತುಂಡಾಗಿ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಜೋಡಿಸುವುದು, ಸಂದುಗಳನ್ನು ಮರದ ಪುಡಿ ಬೆರೆತ 'ಕಿಟ್ಟ'ದಿಂದ ತುಂಬುವುದು, ಇದೆಲ್ಲ ಹಗುರವಾಗಿಯೂ ಗಟ್ಟಿಯಾಗಿಯೂ ಕಟ್ಟುವ ವಿದ್ಯೆ. ಹಳೆಯ ಮರದ ಗ್ಲೈಡರುಗಳನ್ನು ಕಟ್ಟಿದವರಿಗೂ ಇದೇ ತಲೆನೋವು ಇತ್ತು: ಎಲ್ಲಿ ಮರ ಬೇಡ, ಎಲ್ಲಿ ಅಂಟು ಸಾಕು. ನಮ್ಮ ಮಕ್ಕಳು ಹುಣಸೆ ಬೀಜದ ಅಂಟನ್ನೂ ಫೆವಿಕಾಲನ್ನೂ ಎರಡು ರಟ್ಟಿನ ತುಂಡುಗಳ ಮೇಲೆ ಹಚ್ಚಿ ಒಣಗಿಸಿ, ಕಲ್ಲು ತೂಗಿಬಿಟ್ಟು ನೋಡಿದರು. ಕಾಗದಕ್ಕೆ ಹುಣಸೆ ಬೀಜದ್ದೇ ಸಾಕಾಯಿತು.

ಪ್ರತಿ ಭಾಗವನ್ನೂ ಊರಿನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಒಂದು ತೂಕದ ಪುಸ್ತಕದಲ್ಲಿ ಬರೆಯಬೇಕು ಎಂಬ ಒಂದೇ ನಿಯಮ ಇತ್ತು. ದಬ್ಬೆ 300 ಗ್ರಾಂ, ರಟ್ಟಿನ ಪಕ್ಕೆಲುಬು 180, ಕಾಗದ 130, ಒಣಗಿದ ಅಂಟು 100, ನಡುವಿನ ಬಿದಿರು ಕೋಲು 220, ಬಾಲ 90. ಒಟ್ಟು 1020. ಈ ಪುಸ್ತಕವನ್ನು ಬರೆದವಳು ಸಾಮಾನ್ಯವಾಗಿ ಬಾಯಿ ಬಿಡದ ಹುಡುಗಿ. "ಅಂಟು ನೂರು ಗ್ರಾಂ ಆಗೇತ್ರಿ, ಇನ್ನ ಯಾರಿಗೂ ಕೊಡಂಗಿಲ್ಲ" ಎಂದು ಡಬ್ಬಿ ಮುಚ್ಚಿಟ್ಟದ್ದೂ ಅವಳೇ.

ಈಗ ಹಾರದಿದ್ದ ದಿನಕ್ಕೆ ಬರುತ್ತೇನೆ. ಮೂತಿಗೆ 100 ಗ್ರಾಂ ನಟ್ಟು ಬೋಲ್ಟು ಕಟ್ಟಿ ಮೈದಾನಕ್ಕೆ ಒಯ್ದೆವು. ಕೈ ಬಿಟ್ಟ ಕೂಡಲೇ ಗ್ಲೈಡರ್ ಮೂತಿ ಮೇಲೆತ್ತಿತು, ಗಾಳಿಯಲ್ಲಿ ನಿಂತ ಹಾಗಾಯಿತು, ಆಮೇಲೆ ಧೊಪ್ಪೆಂದು ಬಿತ್ತು. ನಾಲ್ಕು ಸಲವೂ ಹಾಗೇ. ಆ ದಿನ ಪಾಠ ವೀಕ್ಷಣೆಗೆ ಬಂದಿದ್ದವರು 'ಉಪಕರಣ ಕಾರ್ಯನಿರ್ವಹಿಸಲಿಲ್ಲ, ಉದ್ದೇಶ ಈಡೇರಿಲ್ಲ' ಎಂದು ಬರೆದರು. ಅವರ ಮೇಲೆ ನನಗೆ ಬೇಸರವಿಲ್ಲ. ನಮೂನೆಯಲ್ಲಿ ಅವರಿಗೆ ಬರೆಯಲು ಬೇರೆ ಜಾಗವೇ ಇರಲಿಲ್ಲ. ಆದರೆ ಆ ಟಿಪ್ಪಣಿ ಬರೆಯುತ್ತಿದ್ದ ಹೊತ್ತಿನಲ್ಲೇ ಬೇವಿನ ಮರದ ಕೆಳಗೆ ನಡೆಯುತ್ತಿದ್ದುದು ಇದು.

ಮಕ್ಕಳು ಗ್ಲೈಡರನ್ನು ಎರಡು ಬೆರಳ ಮೇಲೆ ತೂಗಿ ನೋಡಿದರು. ರೆಕ್ಕೆಯ ಮುಂದಿನ ಅಂಚಿನಿಂದ 10.5 ಸೆಂಟಿಮೀಟರ್ ಹಿಂದೆ ಅದು ಸಮ ನಿಂತಿತು. ರೆಕ್ಕೆಯ ಅಗಲ 25 ಸೆಂಟಿಮೀಟರ್. ಹಾರಿದ ಪುಟ್ಟ ಗ್ಲೈಡರನ್ನೂ ತೂಗಿದರು. ಅದು ರೆಕ್ಕೆಯ ಅಗಲದ ಕಾಲು ಭಾಗಕ್ಕಿಂತ ತುಸು ಹಿಂದೆ ಸಮ ನಿಲ್ಲುತ್ತಿತ್ತು. ಆ ಲೆಕ್ಕದಲ್ಲಿ ದೊಡ್ಡದು 7 ಸೆಂಟಿಮೀಟರ್ ಹತ್ತಿರ ನಿಲ್ಲಬೇಕು. ಹಾಗಾದರೆ ಮೂತಿಗೆ ಇನ್ನಷ್ಟು ಭಾರ ಹಾಕಬೇಕು ಎಂದಾಗ ದೊಡ್ಡ ಜಗಳವೇ ಆಯಿತು. "ಭಾರ ಹಾಕಿದ್ರ ಇನ್ನೂ ಲಗೂನ ಬೀಳ್ತೈತ್ರಿ! ಮೊದ್ಲ ಭಾರ ಆಗೇತಿ." ಈ ಮಾತು ತಪ್ಪು, ಆದರೆ ದಡ್ಡ ಮಾತಲ್ಲ. ತೂಕ ಎಷ್ಟಿದೆ ಎಂಬುದರ ಜೊತೆಗೆ ತೂಕ ಎಲ್ಲಿದೆ ಎಂಬುದೂ ಮುಖ್ಯ ಎನ್ನುವ ತಿಳಿವಳಿಕೆ ಗುರುತ್ವ ಕೇಂದ್ರದ ವ್ಯಾಖ್ಯಾನ ಬರೆಸಿದರೆ ಬರುವುದಿಲ್ಲ. ಒಬ್ಬಳು ಏತದ, ಸೀಸಾದ ಲೆಕ್ಕ ತೆಗೆದಳು: ಇಡೀ ಗ್ಲೈಡರ್ 1120 ಗ್ರಾಂ, ಸರಿಯಬೇಕಾದ್ದು 3.5 ಸೆಂಟಿಮೀಟರ್, ಗುಣಿಸಿದರೆ 3920. ಮೂತಿಯ ತುದಿ ಹೊಸ ಸಮತೋಲದ ಜಾಗದಿಂದ 52 ಸೆಂಟಿಮೀಟರ್ ಮುಂದೆ ಇದೆ. ಭಾಗಿಸಿದರೆ ಸುಮಾರು 75 ಗ್ರಾಂ. ಇಪ್ಪತ್ತು ಗ್ರಾಮಿನ ನಾಲ್ಕು ಬೋಲ್ಟು ಸಿಕ್ಕಿದವು. ಒಟ್ಟು ತೂಕ ಸರಿಯಾಗಿ 1200ಕ್ಕೆ ಬಂತು, ಅವರೇ ಹಾಕಿಕೊಂಡ ಮಿತಿಗೆ.

ಮರುದಿನ ಬೆಳಿಗ್ಗೆ, ಮೆಲ್ಲಗೆ ಎದುರುಗಾಳಿ ಇದ್ದಾಗ, ಸುಮಾರು ಎರಡು ಮೀಟರ್ ಎತ್ತರದಿಂದ ಬಿಟ್ಟ ಗ್ಲೈಡರ್ ಐದು ಎಸೆತಗಳ ಸರಾಸರಿಯಲ್ಲಿ 14 ಮೀಟರ್ ಹೋಯಿತು. ಒಂದು ಮೀಟರ್ ಇಳಿಯುವಷ್ಟರಲ್ಲಿ ಏಳು ಮೀಟರ್ ಮುಂದೆ. ವೀಕ್ಷಕರು ಅಂದು ಬರುವ ದಿನವಾಗಿರಲಿಲ್ಲ. ಬಂದಿದ್ದರೆ ಆ ದಿನದ ಪಾಠಕ್ಕೆ ಹೆಚ್ಚು ಅಂಕ ಬರುತ್ತಿತ್ತು. ಆದರೆ ಕಲಿಕೆ ಆದದ್ದು ಹಿಂದಿನ ದಿನ. ನನ್ನ ತಕರಾರು ಇಷ್ಟೇ.

ಇದು ನಮ್ಮೂರಿನ ಮಕ್ಕಳಾಟವಾದ್ದರಿಂದ ಹೀಗಾಯಿತು, ನಿಜವಾದ ವಿಜ್ಞಾನದಲ್ಲಿ ಹೀಗಿರುವುದಿಲ್ಲ ಎಂದುಕೊಳ್ಳುವವರು ರೈಟ್ ಸಹೋದರರ ಕತೆಯನ್ನು ಪೂರ್ತಿ ಓದಬೇಕು. ನಾವು ಪಾಠದಲ್ಲಿ 1903ರ ಡಿಸೆಂಬರ್ 17ನ್ನು ಮಾತ್ರ ಹೇಳುತ್ತೇವೆ. ಅದಕ್ಕೂ ಮೊದಲು 1900, 1901, 1902ರಲ್ಲಿ ಅವರು ಕಟ್ಟಿದ್ದು ಗ್ಲೈಡರುಗಳನ್ನು. 1901ರ ಗ್ಲೈಡರ್ ಅಂದಿನ ಕೋಷ್ಟಕಗಳು ಹೇಳಿದ್ದಕ್ಕಿಂತ ತೀರಾ ಕಡಿಮೆ ಬಲ ಕೊಟ್ಟಿತು. ಅವರು ಅಚ್ಚಾದ ಲೆಕ್ಕವನ್ನೇ ಅನುಮಾನಿಸಿ, ಸ್ವಂತ ಗಾಳಿ ಸುರಂಗ ಕಟ್ಟಿ, ಪುಟ್ಟ ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಅಳೆದರು. 1902ರ ಗ್ಲೈಡರ್ ಅದರ ಫಲ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ 1891ರಿಂದ 1896ರವರೆಗೆ ಎರಡು ಸಾವಿರದಷ್ಟು ಸಲ ಗುಡ್ಡದಿಂದ ಜಾರಿ ಅಳತೆ ಬರೆದಿಟ್ಟು, ಕೊನೆಗೆ ಅಂಥದ್ದೇ ಒಂದು ಹಾರಾಟದಲ್ಲಿ ಬಿದ್ದು ತೀರಿಕೊಂಡವರು.

ನಮ್ಮ ರಾಜ್ಯದ ಕತೆಯೂ ಗ್ಲೈಡರಿನಿಂದಲೇ ಶುರುವಾಗುತ್ತದೆ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು, ಇಂದಿನ ಎಚ್.ಎ.ಎಲ್. ಅಲ್ಲಿ ವಿನ್ಯಾಸದ ಕೆಲಸಕ್ಕೆ ಬಂದವರು ಡಾ. ವಿ. ಎಂ. ಘಾಟಗೆ, ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಬಳಿ ಓದಿದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ವಿನ್ಯಾಸ ಮಾಡಿದ ಮೊದಲ ವಿಮಾನ ಜಿ-1, ಸೈನಿಕರನ್ನು ಒಯ್ಯಲೆಂದು ಮಾಡಿದ ಹತ್ತು ಆಸನಗಳ ಗ್ಲೈಡರ್. ಅಂಥದ್ದು ಒಂದೇ ಕಟ್ಟಲಾಯಿತು. ತರಬೇತಿ ವಿಮಾನ ಎಚ್‌ಟಿ-2 ಹಾರಿದ್ದು 1951ರಲ್ಲಿ. ಎಂಜಿನ್ ಇಲ್ಲದ, ಮುಂದೆ ಎರಡನೆಯದನ್ನು ಕಟ್ಟದ ಆ ಒಂದು ಗ್ಲೈಡರನ್ನು ನಮ್ಮ ಪಾಠ ಯೋಜನೆಗಳಲ್ಲಿ ನಾನು ಎಲ್ಲಿಯೂ ಕಂಡಿಲ್ಲ.

ಇನ್ನೊಂದು ವಿಷಯ ವಿಜ್ಞಾನ ಬೋಧನಾ ವಿಧಾನದ ಅಧ್ಯಾಪಕರ ಗಮನಕ್ಕೆ. ವಿಮಾನ ಹೇಗೆ ಹಾರುತ್ತದೆ ಎಂದು ವಿವರಿಸುವಾಗ, ರೆಕ್ಕೆಯ ಮೇಲಿನ ದಾರಿ ಉದ್ದ, ಕೆಳಗಿನದು ಗಿಡ್ಡ, ಎರಡೂ ಗಾಳಿ ಹಿಂದೆ ಒಂದೇ ಹೊತ್ತಿಗೆ ಸೇರಬೇಕು, ಅದಕ್ಕೆ ಮೇಲಿನದು ಜೋರಾಗಿ ಓಡುತ್ತದೆ ಎಂಬ ವಿವರಣೆ ಗೈಡುಗಳಿಂದ ಪಾಠ ಯೋಜನೆಗಳಿಗೆ ದಾಟುತ್ತ ಬಂದಿದೆ. ಒಂದೇ ಹೊತ್ತಿಗೆ ಸೇರಬೇಕೆಂಬ ಯಾವ ನಿಯಮವೂ ಇಲ್ಲ. ಗಾಳಿ ಸುರಂಗದಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನ ಗಾಳಿ ಮೊದಲೇ ಹಿಂದಕ್ಕೆ ತಲುಪಿರುತ್ತದೆ. ವೇಗ ಹೆಚ್ಚಾದಲ್ಲಿ ಒತ್ತಡ ಕಡಿಮೆ ಎಂಬುದು ಸರಿ. ವೇಗ ಹೆಚ್ಚಿದ್ದಕ್ಕೆ ಕೊಡುವ ಕಾರಣ ತಪ್ಪು. ಮಕ್ಕಳ ಪುಟ್ಟ ಗ್ಲೈಡರಿನ ರೆಕ್ಕೆ ಚಪ್ಪಟೆ ಥರ್ಮೊಕೋಲು, ಮೇಲೂ ಕೆಳಗೂ ದಾರಿ ಒಂದೇ ಉದ್ದ, ಆದರೂ ಹಾರಿತು. ಆ ವಿವರಣೆಯನ್ನು ಕೆಡವಲು ಅಷ್ಟು ಸಾಕು. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ನೂಕುತ್ತದೆ ಎಂದರೆ ನ್ಯೂಟನ್ನನ ಮೂರನೆಯ ನಿಯಮಕ್ಕೆ ನೇರ ದಾರಿ ಸಿಗುತ್ತದೆ. ಯಲಬುರ್ಗಾ, ಕುಕನೂರು ಕಡೆ ಮಕ್ಕಳು ದಿನವೂ 'ಫ್ಯಾನು' ಎನ್ನುವ ಗಾಳಿಯಂತ್ರಗಳನ್ನು ನೋಡುತ್ತಾರೆ; ಅದರ ಎಲೆಯೂ ಒಂದು ರೆಕ್ಕೆಯೇ ಎಂದು ಹೇಳಿದ ದಿನ ಹೊರಗಿನ ದಾರಿಯನ್ನೇ ಪಾಠಕ್ಕೆ ಬಳಸಬಹುದು. ಇನ್ನು ಅಂಜನಾದ್ರಿ ಕಾಣುವ ಆನೆಗೊಂದಿ ಸುತ್ತಿನ ಶಾಲೆಗಳಲ್ಲಿ ಹಾರಾಟ ಎಂದ ಕೂಡಲೇ ಮಕ್ಕಳು ಹನುಮಪ್ಪನನ್ನು ತರುತ್ತಾರೆ. ತರಲಿ. ಕತೆ ಕೇಳಿ, ಆಮೇಲೆ ತಕ್ಕಡಿ ತರಿಸಿದರಾಯಿತು.

ಆಕ್ಷೇಪಣೆಗಳು ನನಗೆ ಕೇಳಿಸುತ್ತಿವೆ. ಪಠ್ಯ ಮುಗಿಯುವುದಿಲ್ಲ ಎಂಬುದು ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದೂ ಹೌದು. ಮುಂದಿನ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಕೊಡಬೇಕಾದವರು ಶಾಲೆಯ ಶಿಕ್ಷಕರು, ನಾವಲ್ಲ. ನಾವು ಕೆಲವು ವಾರದ ಅತಿಥಿಗಳು. ಅದಕ್ಕೇ ನಾನು ಇದನ್ನು ಹೆಚ್ಚುವರಿ ಯೋಜನೆ ಎಂದು ಕೇಳುತ್ತಿಲ್ಲ. ಚಲನೆ, ಬಲ, ಗುರುತ್ವಾಕರ್ಷಣೆ, ಗಣಿತದ ವಿಸ್ತೀರ್ಣ ಮತ್ತು ಘನಫಲ, ಹೇಗೂ ಪಾಠ ಮಾಡಬೇಕಾದ ಇವುಗಳ ಅವಧಿಗಳನ್ನೇ ಬಳಸಿದೆವು. ಕತ್ತರಿಸುವುದು, ಅಂಟಿಸುವುದು ಶನಿವಾರದ ಮಧ್ಯಾಹ್ನಕ್ಕೆ. ಖರ್ಚು ಒಟ್ಟು 640 ರೂಪಾಯಿ, ಬಹುಪಾಲು ಬಿದಿರು ಮತ್ತು ಕಾಗದ. ನಾಲ್ಕು ಪಾಠಗಳ ಚಾರ್ಟಿಗೆ ನಾವು ಇಷ್ಟು ಸುರಿಯುತ್ತೇವೆ. ಚಾಕುವಿನ ಭಯ ನಿಜ. ದಬ್ಬೆ ಸೀಳುವ ಕೆಲಸವನ್ನು ಮೇದಾರರಿಗೇ ಬಿಟ್ಟು, ರಟ್ಟು ಕತ್ತರಿಸುವುದನ್ನು ಮಾತ್ರ ಮಕ್ಕಳಿಗೆ ಕೊಟ್ಟೆವು. ಗಂಗಾವತಿಯ ಗೆಳತಿ ಕೇಳಿದ ಪ್ರಶ್ನೆ ಬೇರೆ: ಎಡದಂಡೆ ಕಾಲುವೆಯ ಕೆಳಗೆ ಊರ ಸುತ್ತ ನೀರು ನಿಂತ ಗದ್ದೆ, ಓಡುವುದೆಲ್ಲಿ? ಅವರು ಗ್ಲೈಡರನ್ನೇ ಕಟ್ಟಬೇಕೆಂದಿಲ್ಲ. ಭಾರ ಹೊರುವ ಬಿದಿರಿನ ಸೇತುವೆ ಕಟ್ಟಲಿ, ಹುಟ್ಟುಗೋಲಿನ ಹರಿಗೋಲು ಕಟ್ಟಲಿ. ಮುಳುಗಿದರೆ ಮುಳುಗಿತು ಎಂದು ಕಾಣಬೇಕು, ಅಷ್ಟೇ ಷರತ್ತು.

ನಮೂನೆಯಲ್ಲಿ ಬದಲಾಗಬೇಕಾದ್ದು ಹೆಚ್ಚಿಲ್ಲ. 'ಬೋಧನೋಪಕರಣಗಳ ಬಳಕೆ' ಎಂಬ ಸಾಲಿನ ಕೆಳಗೆ ಎರಡು ಪ್ರಶ್ನೆ ಸೇರಲಿ: ಉಪಕರಣ ಕಟ್ಟುವುದರಲ್ಲಿ ಮಕ್ಕಳ ಪಾಲೆಷ್ಟು? ನಿರೀಕ್ಷೆಗೂ ಫಲಿತಾಂಶಕ್ಕೂ ವ್ಯತ್ಯಾಸ ಬಂದಾಗ ಮಕ್ಕಳು ಏನು ಅಳೆದರು? ಎರಡನೆಯದಕ್ಕೆ ಉತ್ತರ ಬರೆಯಬೇಕಾದರೆ ವೀಕ್ಷಕರು 40 ನಿಮಿಷದ ಒಂದು ಅವಧಿಗೆ ಬದಲಾಗಿ ಒಂದೇ ಯೋಜನೆಯನ್ನು ಎರಡು ದಿನ ನೋಡಬೇಕಾಗುತ್ತದೆ. ಒಬ್ಬ ಅಧ್ಯಾಪಕರಿಗೆ ಹಲವು ಶಾಲೆ, ಕುಷ್ಟಗಿಯಿಂದ ಕೊಪ್ಪಳದವರೆಗೆ ಬಸ್ಸಿನ ಓಡಾಟ, ಇದು ಸುಲಭವಲ್ಲ ಎಂದು ಗೊತ್ತು. ಎರಡನೆಯ ದಿನದ ವೀಕ್ಷಣೆಯನ್ನು ಶಾಲೆಯ ಮಾರ್ಗದರ್ಶಿ ಶಿಕ್ಷಕರಿಗೆ ಒಪ್ಪಿಸಬಹುದು, ಜೊತೆಗೆ ಮಕ್ಕಳ ತೂಕದ ಪುಸ್ತಕವನ್ನೇ ಪಾಠದ ದಾಖಲೆಯಾಗಿ ಲಗತ್ತಿಸಬಹುದು.

ಬರುವ ತಂಡದಲ್ಲಿ ಯಾರಾದರೂ ಗ್ಲೈಡರನ್ನೇ ಆರಿಸಿಕೊಂಡರೆ ಒಂದು ಮಾತು. ಆಷಾಢದ ಗಾಳಿ ಗಾಳಿಪಟಕ್ಕೆ ಸರಿ, ಇದಕ್ಕೆ ಅತಿಯಾಯಿತು. ಮಳೆ ಬಿದ್ದ ಎರೆಹೊಲದಲ್ಲಿ ಓಡಲೂ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಸಂಕ್ರಾಂತಿಯವರೆಗಿನ ಬೆಳಗುಗಳು ಒಳ್ಳೆಯವು, ಪ್ರಾರ್ಥನೆಗೆ ಮೊದಲಿನ ಅರ್ಧ ಗಂಟೆ, ಧ್ವಜಸ್ತಂಭದ ಹಗ್ಗ ಅಲುಗಿಯೂ ಅಲುಗದ ಹಾಗಿರುವಾಗ. ಬಿದಿರನ್ನು ಒಂದು ತಿಂಗಳು ಮೊದಲೇ ತಂದು ನೆರಳಲ್ಲಿ ಒಣಗಿಸಿರಿ; ಹಸಿ ದಬ್ಬೆ ತೂಕ ಹೆಚ್ಚು, ಒಣಗಿದ ಮೇಲೆ ರೆಕ್ಕೆಯನ್ನು ತಿರುಚುತ್ತದೆ.